ಎಣಿಸುವವರಿದ್ದಾರೆ, ಓದುವವರು ಬೇಕಾಗಿದ್ದಾರೆ

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ. ವಿಶ್ವದ ಶೇ 2ರಷ್ಟು ಶ್ರೇಷ್ಠ ವಿಜ್ಞಾನಿಗಳ ಪಟ್ಟಿಯಲ್ಲಿ ಇಂಥ ವಿಶ್ವವಿದ್ಯಾಲಯದ ಇಷ್ಟು ಮಂದಿ ಪ್ರಾಧ್ಯಾಪಕರು. ಪಕ್ಕದಲ್ಲಿ ಕುಲಪತಿಗಳು ಶಾಲು ಹೊದಿಸುತ್ತಿರುವ ಚಿತ್ರ. ಎರಡು ದಿನದೊಳಗೆ ಕ್ಯಾಂಪಸ್ಸಿನ ಗೇಟಿಗೆ ಫ್ಲೆಕ್ಸ್, ಅದರ ಮೇಲೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನ್ನಣೆ ಎಂದು ದಪ್ಪಕ್ಷರ. ಆ ಪ್ರಾಧ್ಯಾಪಕರು ಕಂಡುಹಿಡಿದದ್ದೇನು ಎಂದು ಹೇಳುವ ಒಂದೇ ಒಂದು ವಾಕ್ಯ ಮಾತ್ರ ಸುದ್ದಿಯಲ್ಲೂ ಇರುವುದಿಲ್ಲ, ಫ್ಲೆಕ್ಸಿನಲ್ಲೂ ಇರುವುದಿಲ್ಲ.

ನಾನು ಗ್ರಂಥಪಾಲಕಿ. ರಾಜ್ಯದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಕೆಲಸಕ್ಕೆ ಸೇರಿದಾಗ ನನ್ನ ಪಾಲಿಗೆ ಬಂದದ್ದು ಕ್ಯಾಟಲಾಗ್ ಕಾರ್ಡು, ಬೈಂಡಿಂಗು, ಜರ್ನಲ್‌ಗಳ ಚಂದಾ. ಬಿಡುವ ಹೊತ್ತಿಗೆ ಅದೆಲ್ಲ ಹಿಂದೆ ಸರಿದು, ಅಧ್ಯಾಪಕರ ಪ್ರಬಂಧಗಳಿಗೆ ಬಂದ ಸೈಟೇಷನ್, ಅಂದರೆ ಉಲ್ಲೇಖ, ಎಣಿಸಿಕೊಡುವುದೇ ಮುಖ್ಯ ಕೆಲಸವಾಗಿತ್ತು. ಗುಣಮಟ್ಟ ಪರಿಶೀಲಿಸುವ ನ್ಯಾಕ್ ತಂಡ ಬರುವ ಮುಂಚೆ, ರಾಷ್ಟ್ರೀಯ ಶ್ರೇಯಾಂಕ ಕೊಡುವ ಎನ್‌ಐಆರ್‌ಎಫ್‌ಗೆ ಅಂಕಿಅಂಶ ಕಳಿಸುವ ಮುಂಚೆ, ಬಡ್ತಿಯ ಅರ್ಜಿ ಹಾಕುವ ಮುಂಚೆ ಎಲ್ಲರೂ ನನ್ನ ಟೇಬಲ್ಲಿಗೆ ಬರುತ್ತಿದ್ದರು. ‘ಮೇಡಂ, ನನ್ನ ಎಚ್-ಇಂಡೆಕ್ಸ್ ಎಷ್ಟಾಯ್ತು ನೋಡಿ’ ಎನ್ನುವರು. ನನ್ನ ಪೇಪರ್ ಓದಿ ನೋಡಿ ಎಂದವರು ಯಾರೂ ಇಲ್ಲ. ನನಗೆ ಓದಿದರೂ ಅರ್ಥವಾಗುವುದಿಲ್ಲ, ಅದು ಸರಿ. ಆದರೆ ಓದಬೇಕಾದ ಸಮಿತಿಯವರೂ ಓದುತ್ತಿರಲಿಲ್ಲ. ನಾನು ಬರೆದುಕೊಟ್ಟ ಅಂಕಿಯನ್ನೇ ಅವರೂ ನೋಡುತ್ತಿದ್ದರು.

ಮೊದಲು ಆ ಶೇ 2ರ ಪಟ್ಟಿ ಏನೆಂದು ನೋಡೋಣ. ಸ್ಟ್ಯಾನ್‌ಫರ್ಡ್‌ನ ವೈದ್ಯಕೀಯ ಪ್ರಾಧ್ಯಾಪಕ ಜಾನ್ ಇಯೊಆನಿಡಿಸ್ ಮತ್ತು ಅವರ ಸಹೋದ್ಯೋಗಿಗಳು 2019ರಲ್ಲಿ ಇದನ್ನು ಮೊದಲು ಪ್ರಕಟಿಸಿದರು. ಈಗ ಪ್ರತಿವರ್ಷ ಹೊಸ ಆವೃತ್ತಿ ಬರುತ್ತದೆ. ಎಲ್ಸೆವಿಯರ್ ಕಂಪನಿಯ ಸ್ಕೋಪಸ್ ಎಂಬ ದತ್ತಾಂಶ ಸಂಗ್ರಹದಿಂದ ಉಲ್ಲೇಖಗಳನ್ನು ತೆಗೆದುಕೊಂಡು, ಆರು ಮಾಪಕಗಳನ್ನು ಬೆರೆಸಿ ಒಂದು ಅಂಕ ಕಟ್ಟುತ್ತಾರೆ. ಇಪ್ಪತ್ತೆರಡು ಕ್ಷೇತ್ರ, 174 ಉಪಕ್ಷೇತ್ರಗಳಾಗಿ ವಿಂಗಡಿಸುತ್ತಾರೆ. ಇಡೀ ವೃತ್ತಿಜೀವನಕ್ಕೆ ಒಂದು ಪಟ್ಟಿ, ಒಂದು ವರ್ಷದ್ದೇ ಬೇರೆ ಪಟ್ಟಿ. ಒಂದೊಂದರಲ್ಲೂ ಈಗ ಎರಡು ಲಕ್ಷಕ್ಕೂ ಹೆಚ್ಚು ಹೆಸರು. ಇದು ಪ್ರಶಸ್ತಿಯಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸಭೆ ಸೇರಿ ಯಾರನ್ನೂ ಆರಿಸಿಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಒಂದು ಎಕ್ಸೆಲ್ ಕಡತ ಅದು.

ಕಡತ ಮಾಡಿದವರು ಪ್ರಾಮಾಣಿಕರು. ಯಾರ ಉಲ್ಲೇಖಗಳಲ್ಲಿ ಶೇಕಡಾ ಎಷ್ಟು ತಮಗೆ ತಾವೇ ಕೊಟ್ಟುಕೊಂಡವು ಎಂಬುದಕ್ಕೆ ಅದರಲ್ಲಿ ಪ್ರತ್ಯೇಕ ಕಾಲಂ ಇದೆ. ಇತ್ತೀಚಿನ ಆವೃತ್ತಿಯಲ್ಲಿ ಹಿಂಪಡೆಯಲಾದ ಪ್ರಬಂಧಗಳ ಲೆಕ್ಕವನ್ನೂ ಸೇರಿಸಿದ್ದಾರೆ. ಫ್ಲೆಕ್ಸಿನ ಮೇಲೆ ಆ ಕಾಲಂಗಳು ಬರುವುದಿಲ್ಲ, ಅಷ್ಟೆ. ಪಟ್ಟಿಯಲ್ಲಿ ನಿಜಕ್ಕೂ ದೊಡ್ಡ ಕೆಲಸ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ತೊಡಕೇನೆಂದರೆ, ಅವರು ಯಾರು, ಅಲ್ಲದವರು ಯಾರು ಎಂದು ಪಟ್ಟಿ ನೋಡಿ ಹೇಳಲು ಬರುವುದಿಲ್ಲ.

ಉಲ್ಲೇಖ ಎಣಿಸುವ ಈ ವಿದ್ಯೆ ಹುಟ್ಟಿದ್ದು ನಮ್ಮ ಮನೆಯಲ್ಲೇ, ಗ್ರಂಥಾಲಯದಲ್ಲಿ. ಯೂಜೀನ್ ಗಾರ್ಫೀಲ್ಡ್ ಎಂಬ ಅಮೆರಿಕದವರು ರಸಾಯನಶಾಸ್ತ್ರವನ್ನೂ ಗ್ರಂಥಾಲಯ ವಿಜ್ಞಾನವನ್ನೂ ಓದಿದವರು. ಒಂದು ತೀರ್ಪನ್ನು ಮುಂದಿನ ಯಾವ ಯಾವ ತೀರ್ಪುಗಳು ಎತ್ತಿಹಿಡಿದವು, ಯಾವುವು ತಳ್ಳಿಹಾಕಿದವು ಎಂದು ತೋರಿಸುವ ಸೂಚಿ ಅಲ್ಲಿನ ವಕೀಲರ ಬಳಿ ಹತ್ತೊಂಬತ್ತನೇ ಶತಮಾನದಿಂದಲೇ ಇತ್ತು. ವಿಜ್ಞಾನಕ್ಕೂ ಅಂಥದ್ದೊಂದು ಯಾಕಿರಬಾರದು ಎಂದು ಗಾರ್ಫೀಲ್ಡ್ 1955ರಲ್ಲಿ ಬರೆದರು. 1964ರಿಂದ ಫಿಲಡೆಲ್ಫಿಯಾದ ಅವರ ಸಂಸ್ಥೆ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಹೊರತರತೊಡಗಿತು. ಉದ್ದೇಶ ಹುಡುಕಾಟ. ಒಂದು ಒಳ್ಳೆಯ ಪ್ರಬಂಧ ಸಿಕ್ಕರೆ, ಆಮೇಲೆ ಅದನ್ನು ಯಾರು ಮುಂದುವರಿಸಿದರು, ಯಾರು ತಿದ್ದಿದರು ಎಂದು ಹಿಂಬಾಲಿಸಿಕೊಂಡು ಹೋಗಬಹುದು. ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಅಂಕಿ ಹುಟ್ಟಿದ್ದೂ ಸೂಚಿಯಲ್ಲಿ ಯಾವ ಜರ್ನಲ್‌ಗಳನ್ನು ಸೇರಿಸಬೇಕು ಎಂದು ಆರಿಸಲಿಕ್ಕೆ. ಕೈಯಲ್ಲಿ ಹಣ ಕಡಿಮೆ ಇದ್ದ ಗ್ರಂಥಪಾಲಕರಿಗೂ ಅದು ಉಪಯೋಗಕ್ಕೆ ಬಂತು. ಅದರಿಂದ ವ್ಯಕ್ತಿಗಳನ್ನು ಅಳೆಯುವಾಗ ಎಚ್ಚರ ಬೇಕು ಎಂದು ಗಾರ್ಫೀಲ್ಡ್ ತಮ್ಮ ಕೊನೆಗಾಲದವರೆಗೂ ಹೇಳುತ್ತಲೇ ಇದ್ದರು.

ಈ ಮನೆತನದಲ್ಲಿ ಬೆಂಗಳೂರಿಗೂ ಪಾಲಿದೆ. ಗ್ರಂಥಾಲಯದ ಕೆಲಸಕ್ಕೆ ಸಂಖ್ಯಾಶಾಸ್ತ್ರ ಬಳಸಬೇಕೆಂದು 1948ರಲ್ಲೇ ಇಂಗ್ಲೆಂಡಿನ ಸಮ್ಮೇಳನವೊಂದರಲ್ಲಿ ಹೇಳಿದವರು ನಮ್ಮ ಎಸ್.ಆರ್. ರಂಗನಾಥನ್. ಅವರು 1962ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ತರಬೇತಿ ಕೇಂದ್ರ ಡಿಆರ್‌ಟಿಸಿ ಇವತ್ತಿಗೂ ಗ್ರಂಥಾಲಯ ವಿಜ್ಞಾನಿಗಳನ್ನು ತಯಾರು ಮಾಡುತ್ತಿದೆ. ಓದುಗನಿಗೆ ಪುಸ್ತಕ ಬೇಗ ಸಿಗಲಿ ಎಂಬುದಕ್ಕಾಗಿ ಎಣಿಸಿದವರು ಅವರೆಲ್ಲ. ಓದುವುದನ್ನೇ ಬಿಟ್ಟುಬಿಡಲು ಎಣಿಕೆ ನೆಪವಾಗಲಿ ಎಂದು ಯಾರೂ ಬಯಸಿರಲಿಲ್ಲ.

ವ್ಯಕ್ತಿಯನ್ನು ಅಳೆಯುವ ಅಂಕಿ ಬಂದದ್ದು 2005ರಲ್ಲಿ. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಎಚ್-ಇಂಡೆಕ್ಸ್ ಕೊಟ್ಟರು. ನಿಮ್ಮ ಎಚ್-ಇಂಡೆಕ್ಸ್ 12 ಎಂದರೆ, ನಿಮ್ಮ ಹನ್ನೆರಡು ಪ್ರಬಂಧಗಳು ತಲಾ ಹನ್ನೆರಡು ಸಲವಾದರೂ ಉಲ್ಲೇಖಗೊಂಡಿವೆ. ಸರಳ, ನೆನಪಿಡಲು ಸುಲಭ, ಅರ್ಜಿ ನಮೂನೆಯ ಒಂದು ಚೌಕದಲ್ಲಿ ಹಿಡಿಸುತ್ತದೆ. ಜೀವಮಾನದಲ್ಲಿ ಮೂರೇ ಮೂರು ಪ್ರಬಂಧ ಬರೆದವರು ಜಗತ್ತನ್ನೇ ತಲೆಕೆಳಗು ಮಾಡಿದರೂ ಅವರ ಎಚ್-ಇಂಡೆಕ್ಸ್ ಮೂರನ್ನು ದಾಟುವುದಿಲ್ಲ. ಈ ಅಳತೆ ಕೆಲವೊಮ್ಮೆ ಪೂರಾ ಕೈಕೊಡುತ್ತದೆ, ಅಂದುಕೊಳ್ಳದ ಕೆಟ್ಟ ಪರಿಣಾಮಗಳನ್ನೂ ತರುತ್ತದೆ ಎಂದು 2020ರಲ್ಲಿ ಬರೆದವರು ಬೇರಾರೂ ಅಲ್ಲ, ಅದೇ ಹಿರ್ಶ್.

ಇನ್ನು ನನ್ನ ಟೇಬಲ್ಲಿನ ಅನುಭವ. ‘ನನ್ನ ಎಚ್-ಇಂಡೆಕ್ಸ್ ಎಷ್ಟು’ ಎಂದು ಕೇಳಿದವರಿಗೆ ನಾನು ಮರುಪ್ರಶ್ನೆ ಹಾಕುತ್ತಿದ್ದೆ: ‘ಯಾವುದು ಬೇಕು ಸಾರ್?’ ಗೂಗಲ್ ಸ್ಕಾಲರ್‌ನಲ್ಲಿ 19 ಇದ್ದವರು ಸ್ಕೋಪಸ್‌ನಲ್ಲಿ 11, ವೆಬ್ ಆಫ್ ಸೈನ್ಸ್‌ನಲ್ಲಿ 8 ಆಗುವುದು ಮಾಮೂಲು. ಮನುಷ್ಯ ಅದೇ, ಪೇಪರ್‌ಗಳೂ ಅವೇ. ಯಾವ ಸಂಗ್ರಹ ಏನನ್ನು ಎಣಿಸುತ್ತದೆ ಎಂಬುದಷ್ಟೇ ಬೇರೆ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ತಾವು ಆರಿಸಿದ ಜರ್ನಲ್‌ಗಳನ್ನು ಮಾತ್ರ ನೋಡುತ್ತವೆ. ಗೂಗಲ್ ಸ್ಕಾಲರ್ ಅಂತರ್ಜಾಲದಲ್ಲಿ ಪ್ರಬಂಧದಂತೆ ಕಾಣುವುದನ್ನೆಲ್ಲ ಬಾಚಿಕೊಳ್ಳುತ್ತದೆ. ಕನ್ನಡದಲ್ಲಿ ಬರೆದ ವಿದ್ವತ್ ಲೇಖನಗಳು ಮೂರರಲ್ಲೂ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅರ್ಜಿಯಲ್ಲಿ ಎಲ್ಲರೂ ಅತಿ ದೊಡ್ಡ ಅಂಕಿಯನ್ನೇ ಬರೆಯುತ್ತಿದ್ದರು. ಯಾವ ಸಂಗ್ರಹದ ಅಂಕಿ ಎಂದು ನಮೂನೆ ಕೇಳದಿದ್ದರೆ ಅದು ಸುಳ್ಳೂ ಅಲ್ಲ.

ಅದಕ್ಕಿಂತ ದೊಡ್ಡ ಫಜೀತಿ ನಮ್ಮ ಹೆಸರುಗಳದು. ಮಂಜುನಾಥ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಕೊನೆಗೊಂದು ‘ಎ’ ಹಾಕಿಯೂ ಬರೆಯುತ್ತಾರೆ, ಹಾಕದೆಯೂ ಬರೆಯುತ್ತಾರೆ. ಒಂದು ಪೇಪರಿನಲ್ಲಿ ಎಸ್. ಮಂಜುನಾಥ, ಇನ್ನೊಂದರಲ್ಲಿ ಮಂಜುನಾಥ ಎಸ್., ಮತ್ತೊಂದರಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎರಡೂ. ನಮ್ಮಲ್ಲಿ ಸರ್‌ನೇಮ್ ಇಲ್ಲವೆಂಬುದು ಪಶ್ಚಿಮದ ಕಂಪ್ಯೂಟರಿಗೆ ತಿಳಿಯದು. ಅದು ‘ಎಸ್’ ಅನ್ನೇ ಮನೆತನದ ಹೆಸರೆಂದು ಹಿಡಿಯುತ್ತದೆ. ಹೀಗೆ ಒಬ್ಬ ಮಂಜುನಾಥ ನಾಲ್ಕು ಜನರಾಗಿ ಒಡೆಯುತ್ತಾರೆ. ನಾಲ್ಕು ಊರಿನ ಮಂಜುನಾಥರು ಒಬ್ಬರಾಗಿ ಕೂಡಿಕೊಳ್ಳುವುದೂ ಉಂಟು. ಒಬ್ಬ ರಸಾಯನಶಾಸ್ತ್ರಜ್ಞರ ಖಾತೆಯಲ್ಲಿ ಮೂಳೆ ಶಸ್ತ್ರಚಿಕಿತ್ಸೆಯ ಪ್ರಬಂಧಗಳನ್ನು ನಾನು ಕಂಡಿದ್ದೇನೆ. ಪ್ರತಿ ಸಂಶೋಧಕರಿಗೂ ಒಂದು ಗುರುತಿನ ಸಂಖ್ಯೆ ಕೊಡುವ ಆರ್ಕಿಡ್ ವ್ಯವಸ್ಥೆ 2012ರಲ್ಲಿ ಬಂದ ಮೇಲೆ ಈ ಗೋಜಲು ಕೊಂಚ ಕಡಿಮೆಯಾಗಿದೆ, ಹಳೆಯದು ಹಾಗೆಯೇ ಇದೆ. ತಪ್ಪು ನಷ್ಟ ತಂದರೆ ಸರಿಪಡಿಸಿಕೊಡಿ ಎಂದು ಬರುತ್ತಿದ್ದರು. ಲಾಭ ತಂದರೆ ಬರುತ್ತಿರಲಿಲ್ಲ.

ಇವೆಲ್ಲ ಎಣಿಕೆಯ ದೋಷಗಳು, ಸುಧಾರಿಸಬಹುದು. ಎಣಿಕೆ ನೂರಕ್ಕೆ ನೂರು ಸರಿಯಾದರೂ ಉಳಿಯುವ ಪ್ರಶ್ನೆ ಬೇರೆ: ಉಲ್ಲೇಖ ಎಂದರೆ ಮೆಚ್ಚುಗೆಯೇ?

ಜಗತ್ತಿನಲ್ಲೇ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧ 1951ರದು. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನವನ್ನು ಆಲಿವರ್ ಲೌರಿ ಮತ್ತು ಸಂಗಡಿಗರು ಅದರಲ್ಲಿ ವಿವರಿಸಿದರು. ಉಲ್ಲೇಖಗಳು ಮೂರು ಲಕ್ಷಕ್ಕೂ ಮೇಲು. ಅದೇನೂ ಮಹಾನ್ ಪ್ರಬಂಧವಲ್ಲ ಎಂದು ಲೌರಿಯವರೇ ನಗುತ್ತ ಒಪ್ಪಿಕೊಂಡಿದ್ದರು. ‘ನೇಚರ್’ ಪತ್ರಿಕೆ 2014ರಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ನೂರು ಪ್ರಬಂಧಗಳ ಪಟ್ಟಿ ಮಾಡಿದಾಗ ಡಿಎನ್‌ಎಯ ಜೋಡಿ ಸುರುಳಿಯನ್ನು ತೋರಿಸಿಕೊಟ್ಟ ವಾಟ್ಸನ್ ಮತ್ತು ಕ್ರಿಕ್ ಪ್ರಬಂಧ ಅದರಲ್ಲಿ ಇರಲೇ ಇಲ್ಲ. ದಿನಬಳಕೆಯ ವಿಧಾನ ಹೇಳಿಕೊಟ್ಟವರನ್ನು ಪ್ರತಿಯೊಬ್ಬರೂ ಹೆಸರಿಸುತ್ತಾರೆ. ಎಲ್ಲರಿಗೂ ಗೊತ್ತಾಗಿಹೋದ ಸತ್ಯಕ್ಕೆ ಯಾರೂ ಅಡಿಟಿಪ್ಪಣಿ ಬರೆಯುವುದಿಲ್ಲ.

ಬೈಗುಳವೂ ಉಲ್ಲೇಖವೇ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಹಾಕಿ ಜಗತ್ತಿನ ತಾಯ್ತಂದೆಯರನ್ನು ಹೆದರಿಸಿದ 1998ರ ‘ಲ್ಯಾನ್ಸೆಟ್’ ಪ್ರಬಂಧವನ್ನು 2010ರಲ್ಲಿ ಹಿಂಪಡೆಯಲಾಯಿತು. ಅದನ್ನು ಉಲ್ಲೇಖಿಸಿದ ಸಾವಿರಕ್ಕೂ ಹೆಚ್ಚು ಬರಹಗಳನ್ನು ತೆರೆದು ನೋಡಿದ ಗ್ರಂಥಪಾಲಕರ ತಂಡವೊಂದು, ಸುಮಾರು ಶೇ 73ರಷ್ಟು ಅದನ್ನು ಅಲ್ಲಗಳೆಯಲೆಂದೇ ಉಲ್ಲೇಖಿಸಿವೆ ಎಂದು 2019ರಲ್ಲಿ ವರದಿ ಮಾಡಿತು. ಎಚ್-ಇಂಡೆಕ್ಸಿನ ಲೆಕ್ಕದಲ್ಲಿ ಮೆಚ್ಚಿದವರೂ ಒಂದೇ, ಉಗಿದವರೂ ಒಂದೇ. ಗಾರ್ಫೀಲ್ಡ್‌ಗೆ ಮಾದರಿಯಾದ ವಕೀಲರ ಸೂಚಿಯಲ್ಲಾದರೂ ತೀರ್ಪು ಊರ್ಜಿತವಾಯಿತೋ ರದ್ದಾಯಿತೋ ಎಂಬ ಗುರುತು ಇರುತ್ತಿತ್ತು.

ಜರ್ನಲ್‌ನ ಅಂಕಿಯಿಂದ ಬರಹಗಾರರ ಯೋಗ್ಯತೆ ಅಳೆಯುವುದಂತೂ ಇನ್ನೂ ವಿಚಿತ್ರ. ಒಂದು ಜರ್ನಲ್ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಪ್ರಬಂಧಗಳು ಈ ವರ್ಷ ಸರಾಸರಿ ಎಷ್ಟು ಸಲ ಉಲ್ಲೇಖಗೊಂಡವು ಎಂಬುದೇ ಇಂಪ್ಯಾಕ್ಟ್ ಫ್ಯಾಕ್ಟರ್. ಜರ್ಮನಿಯ ಜಾರ್ಜ್ ಶೆಲ್ಡ್ರಿಕ್ ಎಂಬ ಸ್ಫಟಿಕ ವಿಜ್ಞಾನಿ ತಾವು ಬರೆದ ಸಾಫ್ಟ್‌ವೇರಿನ ಇತಿಹಾಸವನ್ನು 2008ರಲ್ಲಿ ‘ಆಕ್ಟಾ ಕ್ರಿಸ್ಟಲೋಗ್ರಾಫಿಕಾ’ದ ಎ ವಿಭಾಗದಲ್ಲಿ ಪ್ರಕಟಿಸಿದರು. ಆ ಸಾಫ್ಟ್‌ವೇರ್ ಬಳಸಿದವರೆಲ್ಲ ಅದನ್ನು ಉಲ್ಲೇಖಿಸಿದರು. ಸುಮಾರು 2 ಇದ್ದ ಆ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಮರುವರ್ಷದ ಲೆಕ್ಕದಲ್ಲಿ 50ರ ಹತ್ತಿರಕ್ಕೆ ಜಿಗಿಯಿತು. ಒಂದೇ ಪ್ರಬಂಧದ ಪ್ರತಾಪ. ಅದೇ ಜರ್ನಲ್‌ನಲ್ಲಿ ಬರೆದ ಬೇರೆಯವರ ವಿಜ್ಞಾನ ರಾತ್ರೋರಾತ್ರಿ ಇಪ್ಪತ್ತೈದು ಪಟ್ಟು ಉತ್ತಮವಾಗಲಿಲ್ಲ. ಯುಜಿಸಿಯ 2018ರ ನಿಯಮಾವಳಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಪ್ರಬಂಧ ಬಂದ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ 2ರಿಂದ 5ರೊಳಗಿದ್ದರೆ 20 ಅಂಕ, 10ಕ್ಕಿಂತ ಮೇಲಿದ್ದರೆ 30 ಅಂಕ. ಆ ಸೂತ್ರ ಹಚ್ಚಿದರೆ, ಶೆಲ್ಡ್ರಿಕ್‌ರ ನೆರೆಪುಟದಲ್ಲಿ ಬರೆದ ಪುಣ್ಯಕ್ಕೆ ನಮ್ಮವರೊಬ್ಬರಿಗೆ ಹತ್ತು ಅಂಕ ಹೆಚ್ಚು ಸಿಗುತ್ತದೆ.

ಅಂಕಿಯ ಮೇಲೆ ಹುದ್ದೆ ನಿಂತಾಗ ಅಂಕಿಯನ್ನು ಬೆಳೆಸುವ ಕಸುಬೂ ಹುಟ್ಟುತ್ತದೆ. ತನ್ನ ಹಿಂದಿನ ಕೆಲಸವನ್ನು ತಾನೇ ಉಲ್ಲೇಖಿಸುವುದರಲ್ಲಿ ತಪ್ಪಿಲ್ಲ. ಇಯೊಆನಿಡಿಸ್ ತಂಡದ 2019ರ ದತ್ತಾಂಶದಲ್ಲಿ ಸ್ವಂತ ಉಲ್ಲೇಖಗಳ ಮಧ್ಯಮ ಪ್ರಮಾಣ ಶೇ 12.7 ಇತ್ತು. ಆದರೆ ಚೆನ್ನೈನ ಒಬ್ಬ ಕಂಪ್ಯೂಟರ್ ವಿಜ್ಞಾನಿಗೆ 2017ರವರೆಗೆ ಬಂದ ಉಲ್ಲೇಖಗಳಲ್ಲಿ ಶೇ 94 ಅವರದೇ ಅಥವಾ ಅವರ ಸಹಲೇಖಕರದು. ಇಟಲಿಯಲ್ಲಿ ಬಡ್ತಿಗೆ ಉಲ್ಲೇಖಗಳ ಮಿತಿ ಹಾಕಿದ ಮೇಲೆ ಅಲ್ಲಿನ ವಿಜ್ಞಾನಿಗಳು ತಮ್ಮನ್ನು ತಾವು, ತಮ್ಮ ದೇಶದವರನ್ನು ಉಲ್ಲೇಖಿಸುವುದು ಜಾಸ್ತಿಯಾಯಿತೆಂದು ಅಲ್ಲಿಯ ಸಂಶೋಧಕರೇ ತೋರಿಸಿದರು. ಕ್ಲಾರಿವೇಟ್ ಕಂಪನಿ ಪ್ರತಿವರ್ಷ ಹೊರಡಿಸುವ ‘ಅತಿ ಹೆಚ್ಚು ಉಲ್ಲೇಖಗೊಂಡ ಸಂಶೋಧಕರು’ ಪಟ್ಟಿಯಿಂದ 2023ರಲ್ಲಿ ಗಣಿತ ವಿಭಾಗವನ್ನೇ ತೆಗೆದುಹಾಕಬೇಕಾಯಿತು. ಗಣಿತದಲ್ಲಿ ಒಂದು ಪ್ರಬಂಧಕ್ಕೆ ಬೀಳುವ ಉಲ್ಲೇಖಗಳೇ ಕಡಿಮೆ. ಹತ್ತಾರು ಜನ ಕೂಡಿ ಒಬ್ಬರನ್ನೊಬ್ಬರು ಉಲ್ಲೇಖಿಸಿಕೊಂಡರೆ ಸಾಕು, ಪಟ್ಟಿಯ ತುದಿಗೇರಬಹುದು.

ನಮ್ಮ ಸಂಶೋಧನಾ ವಿದ್ಯಾರ್ಥಿಯೊಬ್ಬ ಒಮ್ಮೆ ವಿಮರ್ಶಕರ ವರದಿಯನ್ನು ತಂದು ತೋರಿಸಿದ. ಪ್ರಬಂಧ ಚೆನ್ನಾಗಿದೆ, ಈ ಕೆಳಗಿನ ಏಳೆಂಟು ಲೇಖನಗಳನ್ನು ಉಲ್ಲೇಖಿಸಿದರೆ ಇನ್ನೂ ಚೆನ್ನಾಗಿರುತ್ತದೆ ಎಂದಿತ್ತು ಅದರಲ್ಲಿ. ವಿಮರ್ಶಕರ ಹೆಸರು ಗುಟ್ಟು. ಆದರೆ ಏಳೆಂಟು ಲೇಖನಗಳ ಮೇಲೂ ಒಂದೇ ಹೆಸರಿತ್ತು. ‘ಸೇರಿಸಿಬಿಡ್ಲಾ ಮೇಡಂ?’ ಎಂದು ಕೇಳಿದ. ಗೈಡ್ ಅದಾಗಲೇ ಸೇರಿಸು ಎಂದಿದ್ದರು. ಸೇರಿಸಿದ. ಪ್ರಬಂಧ ಪ್ರಕಟವಾಯಿತು. ಯಾರದೋ ಎಚ್-ಇಂಡೆಕ್ಸ್ ಹೀಗೆ ಹುಡುಗನ ಬೆನ್ನ ಮೇಲೆ ಒಂದು ಮೆಟ್ಟಿಲು ಏರಿತು.

ನಗು ಬರಿಸುವ ಉದಾಹರಣೆಯೂ ಇದೆ. ರೀಸ್ ರಿಚರ್ಡ್‌ಸನ್ ಮತ್ತು ನಿಕ್ ವೈಸ್ ಎಂಬ ಇಬ್ಬರು ಸಂಶೋಧಕರು 2024ರಲ್ಲಿ ಲ್ಯಾರಿ ಎಂಬ ಬೆಕ್ಕಿನ ಹೆಸರಿನಲ್ಲಿ ಅರ್ಥವಿಲ್ಲದ ಗಣಿತದ ಪ್ರಬಂಧಗಳನ್ನು ಕಂಪ್ಯೂಟರಿನಿಂದ ಬರೆಸಿ, ಅವನ್ನು ಉಲ್ಲೇಖಿಸುವ ಇನ್ನಷ್ಟು ಅರ್ಥವಿಲ್ಲದ ಪ್ರಬಂಧಗಳನ್ನೂ ಬರೆಸಿ ಅಂತರ್ಜಾಲಕ್ಕೆ ಹಾಕಿದರು. ಗೂಗಲ್ ಸ್ಕಾಲರ್ ಎಲ್ಲವನ್ನೂ ನಂಬಿತು. ಬೆಕ್ಕಿಗೆ 132 ಉಲ್ಲೇಖ, ಎಚ್-ಇಂಡೆಕ್ಸ್ 11. ಮೇಲೆ ಹೇಳಿದ ನಮ್ಮ ಅಧ್ಯಾಪಕರ ಸ್ಕೋಪಸ್ ಅಂಕಿಗೆ ಇದು ಸರಿಸಮ. ಹಣ ತೆತ್ತವರಿಗೆ ಹೀಗೆಯೇ ಉಲ್ಲೇಖ ಮಾರುವವರಿದ್ದಾರೆ ಎಂದು ತೋರಿಸುವುದು ಅವರಿಬ್ಬರ ಉದ್ದೇಶವಾಗಿತ್ತು.

ಅಂಕಿಯ ಬೆನ್ನು ಹತ್ತಿದ ಪ್ರಪಂಚದಲ್ಲಿ ಕಸವೂ ರಾಶಿಯಾಗುತ್ತದೆ. ಜಗತ್ತಿನಾದ್ಯಂತ 2023ರ ಒಂದೇ ವರ್ಷ ಹಿಂಪಡೆದ ಪ್ರಬಂಧಗಳ ಸಂಖ್ಯೆ ಹತ್ತು ಸಾವಿರ ದಾಟಿತು. ನಮ್ಮಲ್ಲಿ ಯುಜಿಸಿ ಜರ್ನಲ್‌ಗಳ ಪಟ್ಟಿ ಮಾಡಿತು, 2018ರ ಮೇ ತಿಂಗಳಲ್ಲಿ ಅದರಿಂದ 4,305 ಜರ್ನಲ್‌ಗಳನ್ನು ಕಿತ್ತುಹಾಕಿತು, ಆಮೇಲೆ ಕೇರ್ ಎಂಬ ಹೊಸ ಪಟ್ಟಿ ತಂದಿತು, 2025ರಲ್ಲಿ ಅದನ್ನೂ ಕೈಬಿಟ್ಟಿತು. ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡಿದ ಜರ್ನಲ್‌ಗಳ ಒಂದು ಮಾದರಿಯನ್ನು ಪರೀಕ್ಷಿಸಿ, ಅವುಗಳಲ್ಲಿ ಶೇ 88ಕ್ಕೂ ಹೆಚ್ಚು ಕಳಪೆ ಎಂದು ಹೇಳಿದ ಅಧ್ಯಯನ ಪ್ರಕಟವಾದದ್ದು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ನಲ್ಲೇ. ಹಿಂಪಡೆದ ಪ್ರಬಂಧಗಳಿಗೆ ಎನ್‌ಐಆರ್‌ಎಫ್ 2025ರಲ್ಲಿ ಮೊದಲ ಸಲ ಅಂಕ ಕಳೆಯಿತು. ಒಳ್ಳೆಯದೇ. ಆದರೆ ಅಂಕಿಯ ರೋಗಕ್ಕೆ ಇನ್ನೊಂದು ಅಂಕಿಯೇ ಮದ್ದು ಎಂಬ ನಂಬಿಕೆ ಅಲ್ಲೂ ಬಿಟ್ಟಿಲ್ಲ.

ಈ ಲೆಕ್ಕದಲ್ಲಿ ಕೈಬಿಟ್ಟುಹೋಗುವವರು ಯಾರು? ಭೌತವಿಜ್ಞಾನಿ ಪೀಟರ್ ಹಿಗ್ಸ್ ತಮ್ಮ ಹೆಸರಿನ ಕಣದ ಬಗ್ಗೆ 1964ರಲ್ಲಿ ಬರೆದ ಮೇಲೆ ಪ್ರಕಟಿಸಿದ ಪ್ರಬಂಧಗಳು ಹತ್ತಕ್ಕಿಂತ ಕಡಿಮೆ. ಇಂದಿನ ಕಾಲದಲ್ಲಾದರೆ ತಮಗೆ ವಿಶ್ವವಿದ್ಯಾಲಯದಲ್ಲಿ ಕೆಲಸವೇ ಸಿಗುತ್ತಿರಲಿಲ್ಲ ಎಂದು ಅವರು ನೊಬೆಲ್ ಪಡೆದ 2013ರಲ್ಲಿ ಹೇಳಿದರು. ಅದೇ ಕಣದ ದ್ರವ್ಯರಾಶಿಯನ್ನು ಅಳೆದ 2015ರ ಪ್ರಬಂಧಕ್ಕೆ 5,154 ಲೇಖಕರು. ಮೂವತ್ಮೂರು ಪುಟದಲ್ಲಿ 24 ಪುಟ ಹೆಸರುಗಳು ಮತ್ತು ಸಂಸ್ಥೆಗಳು. ಅದಕ್ಕೆ ಬೀಳುವ ಪ್ರತಿ ಉಲ್ಲೇಖವೂ 5,154 ಜನರ ಖಾತೆಗೂ ಪೂರ್ತಿಯಾಗಿ ಜಮೆ.

ಹತ್ತಿರದವರನ್ನು ನೋಡಿ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಕೂತು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ಜನ ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ಮಳೆಯಾಶ್ರಿತ ಹೊಲಗಳಲ್ಲಿ ರಾಗಿಯ ಇಳುವರಿ ಏರಿದ್ದರಲ್ಲಿ ಅವರ ಪಾಲು ದೊಡ್ಡದು. ಇಂಡಾಫ್ ಬಿತ್ತಿದ ರೈತ ಪ್ರಬಂಧ ಬರೆಯುವುದಿಲ್ಲ, ಹಾಗಾಗಿ ಯಾರನ್ನೂ ಉಲ್ಲೇಖಿಸುವುದೂ ಇಲ್ಲ. ಫಾದರ್ ಸಿಸಿಲ್ ಸಲ್ಡಾನ ಅವರು ಡ್ಯಾನ್ ನಿಕೋಲ್ಸನ್ ಜೊತೆ 1976ರಲ್ಲಿ ತಂದ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥ ನಮ್ಮ ಗ್ರಂಥಾಲಯದಲ್ಲಿ ಎರಡು ಸಲ ಬೈಂಡಿಂಗಿಗೆ ಹೋಗಿತ್ತು. ಗಿಡ ತಂದು ಆ ಪುಸ್ತಕ ತೆರೆದು ಹೆಸರು ಹಿಡಿದವರಲ್ಲಿ ಬಹುಪಾಲು ಜನ ತಮ್ಮ ಪೇಪರಿನ ಕೊನೆಯಲ್ಲಿ ಅದನ್ನು ಬರೆದಿರಲಾರರು. ಹೊಸ ಪ್ರಭೇದಕ್ಕೆ ಹೆಸರಿಟ್ಟ ವಿಜ್ಞಾನಿಯ ಹೆಸರನ್ನು ಆ ಪ್ರಭೇದದ ಪಕ್ಕದಲ್ಲಿ ಬರೆಯುವುದು ವಾಡಿಕೆ. ಹಾಗೆ ಬರೆದದ್ದು ಯಾವ ಸಂಗ್ರಹದ ಲೆಕ್ಕಕ್ಕೂ ಸಿಗುವುದಿಲ್ಲ.

ಸಸ್ಯಶಾಸ್ತ್ರ ವಿಭಾಗದ ಒಬ್ಬ ಅಧ್ಯಾಪಕಿ ಮಲೆನಾಡಿನ ಹಾವಸೆಗಳ ಮೇಲೆ ಕೆಲಸ ಮಾಡುತ್ತಿದ್ದರು. ಅವರ ಎಚ್-ಇಂಡೆಕ್ಸ್ ನಾಲ್ಕರ ಮೇಲೆ ಏರಲೇ ಇಲ್ಲ. ‘ಇದರ ಮೇಲೆ ಕೆಲಸ ಮಾಡೋರು ದೇಶದಲ್ಲೇ ಬೆರಳೆಣಿಕೆಯಷ್ಟು ಜನ ಮೇಡಂ, ನನ್ನನ್ನ ಯಾರು ಉಲ್ಲೇಖಿಸಬೇಕು?’ ಎನ್ನುತ್ತಿದ್ದರು. ಅದೇ ಕಾರಿಡಾರಿನಲ್ಲಿ ಯಾವುದಾದರೊಂದು ಎಲೆಯ ರಸದಿಂದ ಬೆಳ್ಳಿಯ ನ್ಯಾನೊ ಕಣ ಮಾಡುವವರ ಅಂಕಿ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಆ ಕೆಲಸ ಮಾಡುವವರು ಜಗತ್ತಿನಲ್ಲಿ ಸಾವಿರಾರು ಜನ. ಒಬ್ಬರು ಬರೆದರೆ ಉಳಿದವರು ಉಲ್ಲೇಖಿಸುತ್ತಾರೆ. ಇಬ್ಬರಲ್ಲಿ ಯಾರು ಉತ್ತಮ ವಿಜ್ಞಾನಿ ಎಂದು ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಅಂಕಿಗೂ ಅದು ಇಲ್ಲ ಎಂಬುದು ಗೊತ್ತು. ಕೊನೆಗೆ ಆಕೆಯ ಇಬ್ಬರು ಪಿಎಚ್‌.ಡಿ. ವಿದ್ಯಾರ್ಥಿಗಳು ಎಲೆಯ ರಸದ ಕಡೆಗೆ ಹೋದರು. ಹಾವಸೆ ಗುರುತಿಸಬಲ್ಲವರ ಸಂಖ್ಯೆ ಕುಸಿಯುವುದು ಹೀಗೆ.

ಈ ಮಾತಿಗೆ ಒಂದು ಬಲವಾದ ಎದುರು ವಾದವಿದೆ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಆಯ್ಕೆ ಸಮಿತಿಗಳು ಹೇಗಿದ್ದವು, ಹೇಗಿವೆ ಎಂಬುದು ಯಾರಿಗೆ ತಿಳಿಯದು? ಜಾತಿ, ವಶೀಲಿ, ಮಂತ್ರಿಯ ಫೋನು, ಅದಕ್ಕೂ ಮೀರಿ ಇನ್ನೊಂದು. ಅಂಥ ಕಡೆ, ಯಾವ ದೊಡ್ಡವರ ಮಗಳೂ ಅಲ್ಲದ, ಸಣ್ಣ ಊರಿನ ಕಾಲೇಜಿನಿಂದ ಬಂದ ಹುಡುಗಿಗೆ ಒಂದು ಅಂಕಿ ಆಸರೆಯಾಗುತ್ತದೆ. ‘ನೀವು ಏನೇ ಅನ್ನಿ, ನನ್ನ ಪೇಪರನ್ನು ಹೊರಗಿನವರು ಇಷ್ಟು ಜನ ಉಲ್ಲೇಖಿಸಿದ್ದಾರೆ’ ಎಂದು ಹೇಳಬಹುದು. ಸಮಿತಿಯ ಮರ್ಜಿಗಿಂತ ಅಂಕಿ ಮೇಲು ಎಂದು ಅವಳಿಗೆ ಅನಿಸಿದರೆ ತಪ್ಪೇನು?

ಆದರೆ ನಾನು ಕಂಡದ್ದು ಬೇರೆ. ಅಂಕಿ ಬಂದ ಮೇಲೆ ವಶೀಲಿ ಹೋಗಲಿಲ್ಲ, ಅಂಕಿಯ ಹಿಂದೆ ಹೋಗಿ ಕೂತಿತು. ದೊಡ್ಡ ಗುಂಪಿನಲ್ಲಿರುವವರಿಗೆ, ಪ್ರತಿ ಪೇಪರಿಗೂ ಹೆಸರು ಸೇರಿಸಬಲ್ಲ ಹಿರಿಯರ ಆಪ್ತರಿಗೆ, ಪ್ರಕಟಣೆಗೆ ದುಡ್ಡು ಕಟ್ಟಬಲ್ಲವರಿಗೆ ಅಂಕಿ ಬೇಗ ಬೆಳೆಯಿತು. ಸಣ್ಣ ಊರಿನ ಆ ಹುಡುಗಿಗೆ ಇವು ಮೂರೂ ಇಲ್ಲ. ಹಿಂದೆ ಯಾರಿಗೋ ಹುದ್ದೆ ಕೊಟ್ಟರೆ ಸಮಿತಿ ಮುಜುಗರವನ್ನಾದರೂ ಪಡಬೇಕಿತ್ತು. ಈಗ ಅಂಕಿಯನ್ನು ತೋರಿಸಿ ಕೈತೊಳೆದುಕೊಳ್ಳಬಹುದು.

ಹಾಗೆಂದು ಎಣಿಸುವುದನ್ನೇ ನಿಲ್ಲಿಸಿ ಎನ್ನುವುದಿಲ್ಲ, ಅದರಿಂದಲೇ ಅನ್ನ ಉಂಡವಳು ನಾನು. ಕೇಂದ್ರ ಸರ್ಕಾರದ ‘ಒಂದು ದೇಶ, ಒಂದು ಚಂದಾ’ ಯೋಜನೆ 2025ರಲ್ಲಿ ಶುರುವಾಗಿ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳನ್ನು ಸರ್ಕಾರಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ತೆರೆದಿಟ್ಟಿದೆ. ಅವುಗಳಲ್ಲಿ ಯಾವುದು ಬಳಕೆಯಾಗುತ್ತಿದೆ, ಯಾವುದಕ್ಕೆ ಸುಮ್ಮನೆ ದುಡ್ಡು ಸುರಿಯುತ್ತಿದ್ದೇವೆ ಎಂದು ತಿಳಿಯಲು ಎಣಿಸಲೇಬೇಕು. ಒಂದು ಕ್ಷೇತ್ರ ಎತ್ತ ಸಾಗುತ್ತಿದೆ ಎಂದು ನೋಡಲೂ ಉಲ್ಲೇಖಗಳ ಜಾಲಕ್ಕಿಂತ ಒಳ್ಳೆಯ ದಾರಿ ಇಲ್ಲ. ಸಾವಿರಾರು ಪ್ರಬಂಧಗಳನ್ನು ಒಟ್ಟಿಗೆ ನೋಡುವಾಗ ಸರಾಸರಿ ಮಾತಾಡುತ್ತದೆ. ಎದುರು ಕುರ್ಚಿಯಲ್ಲಿ ಕೂತ ಒಬ್ಬ ಮನುಷ್ಯನ ಬಗ್ಗೆ ಮಾತಾಡುವುದಿಲ್ಲ.

ಇದು ನನ್ನೊಬ್ಬಳ ಗೊಣಗಾಟವಲ್ಲ. ಜರ್ನಲ್‌ನ ಅಂಕಿಯಿಂದ ವಿಜ್ಞಾನಿಯನ್ನು ಅಳೆಯಬೇಡಿ ಎಂದು ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ 2013ರಲ್ಲೇ ಹೇಳಿತು. ತಜ್ಞರ ವಿವೇಚನೆಗೆ ಅಂಕಿ ಆಸರೆಯಾಗಲಿ, ಅದರ ಜಾಗಕ್ಕೆ ಬರುವುದು ಬೇಡ ಎಂದು 2015ರ ಲೈಡನ್ ಪ್ರಣಾಳಿಕೆ ಬರೆಯಿತು. ಪ್ರಬಂಧಕ್ಕೆ ನಗದು ಬಹುಮಾನ ಕೊಡುತ್ತಿದ್ದ ಚೀನಾ ಕೂಡ 2020ರಲ್ಲಿ ಆ ದಾರಿ ಬಿಡಿ ಎಂದು ತನ್ನ ವಿಶ್ವವಿದ್ಯಾಲಯಗಳಿಗೆ ಹೇಳಿತು. ಪಿಎಚ್‌.ಡಿ. ಪ್ರಬಂಧ ಸಲ್ಲಿಸುವ ಮುಂಚೆ ಪೇಪರ್ ಪ್ರಕಟಿಸಿರಲೇಬೇಕೆಂಬ ಕಡ್ಡಾಯವನ್ನು ನಮ್ಮ ಯುಜಿಸಿ 2022ರಲ್ಲಿ ತೆಗೆದದ್ದೂ ಆ ದಿಕ್ಕಿನದೇ ಒಂದು ಹೆಜ್ಜೆ.

ನನ್ನ ಸಲಹೆ ಸಣ್ಣದು. ಇದಕ್ಕೆ ಹೊಸ ಇಂಡೆಕ್ಸೂ ಬೇಡ, ಹೊಸ ಸಾಫ್ಟ್‌ವೇರೂ ಬೇಡ. ರಾಜ್ಯದ ವಿಶ್ವವಿದ್ಯಾಲಯಗಳು ಪ್ರಾಧ್ಯಾಪಕರ ನೇಮಕ ಮತ್ತು ಬಡ್ತಿಗೆ ಪ್ರತಿ ಅಭ್ಯರ್ಥಿಯಿಂದ ಮೂರೇ ಮೂರು ಪ್ರಬಂಧ ಕೇಳಲಿ. ಪುಸ್ತಕವಾದರೂ ಆಗಬಹುದು, ಕನ್ನಡದಲ್ಲಿದ್ದರೂ ಆಗಬಹುದು, ತಳಿಯ ಬಿಡುಗಡೆಯ ದಾಖಲೆಯಾದರೂ ಆಗಬಹುದು. ಪ್ರತಿಯೊಂದರಲ್ಲಿ ತಾನು ಮಾಡಿದ್ದೇನು, ಅದರಿಂದ ಏನು ಬದಲಾಯಿತು ಎಂದು ಅಭ್ಯರ್ಥಿ ಅರ್ಧ ಪುಟ ಬರೆಯಲಿ. ಆ ವಿಷಯ ಬಲ್ಲ ಇಬ್ಬರು ಹೊರಗಿನವರು ಅವನ್ನು ಓದಿ, ಒಂದು ಪುಟದ ಅಭಿಪ್ರಾಯ ಬರೆದು, ಕೆಳಗೆ ಹೆಸರು ಹಾಕಿ ಸಹಿ ಮಾಡಲಿ. ಆಯ್ಕೆಯಾದವರ ಬಗೆಗಿನ ಆ ಪುಟವನ್ನು ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಹಾಕಲಿ. ವಶೀಲಿಗೆ ಹೆದರಿಕೆ ಹುಟ್ಟುವುದು ಅಲ್ಲಿ. ಕಳಪೆ ಕೆಲಸವನ್ನು ಹೊಗಳಿ ಹೆಸರು ಹಾಕಿದವರನ್ನು ಅವರ ಕ್ಷೇತ್ರದವರೇ ನಾಳೆ ಪ್ರಶ್ನಿಸಬಹುದು. ಎಚ್-ಇಂಡೆಕ್ಸನ್ನು ಯಾರೂ ಪ್ರಶ್ನಿಸಲಾರರು, ಅದಕ್ಕೆ ಸಹಿಯೇ ಇಲ್ಲ.

ಪತ್ರಿಕೆಯವರಲ್ಲೂ ಒಂದು ವಿನಂತಿ. ಮುಂದಿನ ಸಲ ಶೇ 2ರ ಸುದ್ದಿ ಟಿಪ್ಪಣಿ ಬಂದಾಗ, ಈ ಪ್ರಾಧ್ಯಾಪಕರು ಏನನ್ನು ಕಂಡುಹಿಡಿದರು ಎಂದು ಎರಡು ವಾಕ್ಯ ಬರೆದುಕಳಿಸಿ ಎಂದು ವಿಶ್ವವಿದ್ಯಾಲಯವನ್ನು ಕೇಳಿ. ಉತ್ತರ ಬಂದರೆ ಅದನ್ನೇ ತಲೆಬರಹ ಮಾಡಿ. ಬರದಿದ್ದರೆ ಸುದ್ದಿ ಬಿಡಿ.

ಇಷ್ಟೆಲ್ಲ ಓದಲು ಯಾರಿಗೆ ಪುರಸೊತ್ತಿದೆ ಎಂದು ಕೇಳುತ್ತಾರೆ, ಗೊತ್ತು. ಲೆಕ್ಕ ಹಾಕೋಣ. ಒಂದು ಹುದ್ದೆಗೆ ಇಪ್ಪತ್ತು ಅಭ್ಯರ್ಥಿಗಳು ಅರ್ಹರಿದ್ದಾರೆ ಎಂದುಕೊಂಡರೂ ಅರವತ್ತು ಪ್ರಬಂಧ. ವಿಷಯ ತಿಳಿದವರಿಗೆ ಎರಡು ವಾರದ ಓದು. ಆಯ್ಕೆಯಾದ ವ್ಯಕ್ತಿಗೆ ನಾವು ಇಪ್ಪತ್ತು, ಇಪ್ಪತ್ತೈದು ವರ್ಷ ಸಂಬಳ ಕೊಡುತ್ತೇವೆ, ಅವರ ಕೈಗೆ ಮಕ್ಕಳನ್ನು ಕೊಡುತ್ತೇವೆ. ಅದರ ಮುಂದೆ ಎರಡು ವಾರ ದುಬಾರಿಯಲ್ಲ. ಅಷ್ಟು ಓದಲು ಮನಸ್ಸಿಲ್ಲದವರು ಆಯ್ಕೆ ಸಮಿತಿಯಲ್ಲಿ ಕೂರುವುದೇ ಬೇಡ. ಎಣಿಸಲು ಗ್ರಂಥಾಲಯದಲ್ಲಿ ನಮ್ಮಂಥವರು ಇದ್ದೇ ಇದ್ದೇವೆ.